ಕೆಳಗಿನ ಮನೆಯ ಮಾತು

ಭರತೇಶ ಕಡಿಮೆ ಮಾತಿನವನೆಂಬುದು ಅವನು ಕೆಲಸ ಮಾಡಿದ ಆರೂ ಶಾಖೆಗಳಲ್ಲಿ ಗೊತ್ತಿದ್ದ ವಿಷಯ. ಗಾಜಿನಾಚೆ ನಿಂತ ಗಿರಾಕಿ ಎರಡು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಕೊಡುತ್ತಿದ್ದ, ಇನ್ನೊಂದಕ್ಕೆ ಫಾರಂ ಕೊಡುತ್ತಿದ್ದ. ಒರಟನಲ್ಲ, ಮಾತು ಅವನಿಗೆ ಬೇಗ ಒದಗುತ್ತಿರಲಿಲ್ಲ, ಅಷ್ಟೆ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯೊಂದರ ಜೈನರ ಮನೆಯಲ್ಲಿ ಹುಟ್ಟಿದವನು. ಬ್ಯಾಂಕಿನ ನೌಕರಿ ಸಿಕ್ಕಿ ಆಂಧ್ರಕ್ಕೆ ಬಂದಾಗ ಇಪ್ಪತ್ತೈದು ವರ್ಷ. ಮೂರು ವರ್ಷ ಕಳೆದು ಊರಿಗೆ ಹೋಗುತ್ತೇನೆ ಅಂದುಕೊಂಡಿದ್ದವನು ಅಲ್ಲೇ ಮದುವೆ, ಅಲ್ಲೇ ಸಂಸಾರ ಅಂತ ಉಳಿದುಬಿಟ್ಟ.

ಐವತ್ತು ದಾಟಿದ ಮೇಲೆ ವಿಜಯವಾಡದ ಆಟೋನಗರ್ ಶಾಖೆಗೆ ವರ್ಗವಾಯಿತು. ಹೆಂಡತಿ ಮೃಣಾಲಿನಿ ವಿಶಾಖಪಟ್ಟಣದ ಶಾಲೆಯೊಂದರಲ್ಲಿ ಟೀಚರ್. ಮಗ ಸುಮುಖ ಆಗತಾನೆ ಅಲ್ಲಿನ ಬಂದರಿನ ಹತ್ತಿರ ಹಡಗು ಏಜೆಂಟರ ಆಫೀಸೊಂದಕ್ಕೆ ಸೇರಿದ್ದ. ಅವರಿಬ್ಬರನ್ನು ಅಲ್ಲೇ ಬಿಟ್ಟು, ಒಂದು ಸೂಟ್‌ಕೇಸು, ಒಂದು ಕುಕ್ಕರು ಹಿಡಿದುಕೊಂಡು ಬಂದವನು ಆಟೋನಗರದ ಹಿಂದಿನ ಗಲ್ಲಿಯಲ್ಲಿ ಮಹಡಿ ಮೇಲಿನ ಕೋಣೆ ಬಾಡಿಗೆಗೆ ಹಿಡಿದ. ಎರಡನೇ, ನಾಲ್ಕನೇ ಶನಿವಾರ ಬಂತೆಂದರೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋಗುತ್ತಿದ್ದ. ಮಿಕ್ಕ ದಿನ ಬ್ಯಾಂಕು, ಕೋಣೆ, ಹೊತ್ತು ಮುಳುಗುವ ಮುಂಚೆ ಒಂದು ಊಟ.

ಕೆಳಗಿನ ಮನೆಯಲ್ಲಿ ಮಾಲೀಕರು ಇದ್ದರು. ಸೂರ್ಯಕಾಂತಮ್ಮ ಎಂಬ ಮುದುಕಿ, ಅವಳ ಮಗ ಚಂದ್ರಮೌಳಿ, ಸೊಸೆ ಉಷಶ್ರೀ. ಚಂದ್ರಮೌಳಿ ಲಾರಿಗಳ ಬಾಡಿ ಕಟ್ಟುವ ಶೆಡ್ಡಿನಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಿದ್ದ. ಉಷಶ್ರೀ ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಲ್ಲಿ ಮಾತಿಲ್ಲ. ಒಂದೇ ಶಾಲೆಯಲ್ಲಿ ಓದಿ, ಕೈಭಾಷೆಯಲ್ಲೇ ಪರಿಚಯವಾಗಿ ಮದುವೆಯಾದವರು. ಭರತೇಶ ಬಂದು ಆರು ತಿಂಗಳಿಗೆ, ಏಪ್ರಿಲ್ ಬೇಸಿಗೆಯಲ್ಲಿ, ಅವರಿಗೊಂದು ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಮಗುವಿಗೆ ಚೆನ್ನಾಗಿ ಕಿವಿ ಕೇಳಿಸುತ್ತದೆ ಅಂತ ಹೇಳಿದ ದಿನ ಸೂರ್ಯಕಾಂತಮ್ಮ ಬೀದಿಗೆಲ್ಲ ಬೆಲ್ಲ ಹಂಚಿದಳು. ಶ್ರಾವ್ಯ ಅಂತ ಹೆಸರಿಟ್ಟವಳೂ ಅವಳೇ.

ಅಲ್ಲಿಂದ ಮುಂದೆ ಆ ಮುದುಕಿಯ ಬಾಯಿ ನಿಲ್ಲಲಿಲ್ಲ. ಬೆಳಗಿನ ಐದಕ್ಕೇ ಶುರು. ಎಣ್ಣೆ ಒತ್ತುವಾಗ, ನೀರು ಹಾಕುವಾಗ, ಸಾಂಬ್ರಾಣಿ ಹೊಗೆ ಹಿಡಿಯುವಾಗ ಮಗುವಿನ ಜೊತೆ ಒಂದೇ ಸಮನೆ ಮಾತು. ಪಕ್ಕದ ಮನೆಯವರ ಚಾಡಿ, ತರಕಾರಿಯವನ ಜಗಳ, ಸತ್ತ ಗಂಡನ ಗುಣಗಾನ, ಎಲ್ಲ ಮಗುವಿನ ಮುಂದೆಯೇ. ಮೇಲೆ ಮಲಗಿದ್ದ ಭರತೇಶ ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದ. ಒಮ್ಮೆ ಮೃಣಾಲಿನಿಗೆ ಫೋನಿನಲ್ಲಿ, "ಈ ಅಮ್ಮನ ಬಾಯಿಗೊಂದು ಬೀಗ ಹಾಕೋರಿಲ್ಲ" ಅಂದಿದ್ದ.

ಆಗಸ್ಟಿನಲ್ಲಿ ಸೂರ್ಯಕಾಂತಮ್ಮ ಹೋಗಿಬಿಟ್ಟಳು. ಮಧ್ಯಾಹ್ನ ಅನ್ನ ಬಸಿಯುತ್ತಾ ಇದ್ದವಳು ಎದೆ ಹಿಡಿದುಕೊಂಡು ಕೂತಳು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮಗುವಿಗೆ ಆಗ ನಾಲ್ಕು ತಿಂಗಳು. ಹನ್ನೊಂದನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಐದಕ್ಕೆ ಭರತೇಶನಿಗೆ ಎಚ್ಚರವಾಯಿತು. ಕೆಳಗಿಂದ ಪಾತ್ರೆಯ ಸದ್ದು ಬಂತು, ನೀರಿನ ಸದ್ದು ಬಂತು, ಮಗು ಒಂದೆರಡು ಸಲ ಕೂಗಿತು. ಮನುಷ್ಯರ ದನಿ ಬರಲಿಲ್ಲ. ಅವನಿಗೆ ಮತ್ತೆ ನಿದ್ದೆ ಹತ್ತಲಿಲ್ಲ.

ಒಂದು ತಿಂಗಳ ಮೇಲೆ ಒಂದು ಭಾನುವಾರ ಉಷಶ್ರೀ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಹಡಿ ಹತ್ತಿ ಬಂದಳು. ಕೈಯಲ್ಲೊಂದು ಚೀಟಿ. ಸರ್ಕಾರಿ ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ ತೆಲುಗಿನಲ್ಲಿ ಬರೆದುಕೊಟ್ಟದ್ದು. ಈ ಮಗುವಿಗೆ ಕಿವಿ ಸರಿಯಾಗಿದೆ. ತಂದೆತಾಯಿ ತಮ್ಮ ಕೈಭಾಷೆಯಲ್ಲಿ ಮಾತಾಡುತ್ತಲೇ ಇರಲಿ, ಅದನ್ನು ನಿಲ್ಲಿಸಬಾರದು. ಜೊತೆಗೆ ಬಾಯಿಮಾತೂ ದಿನಾ ಕಿವಿಗೆ ಬೀಳಬೇಕು, ಅಕ್ಕಪಕ್ಕದವರು ದಯವಿಟ್ಟು ಸ್ವಲ್ಪ ಹೊತ್ತು ಮಗುವಿನೊಂದಿಗೆ ಮಾತಾಡಿ. ರೇಡಿಯೊ, ಟಿವಿ ಹಾಕಿಟ್ಟರೆ ಸಾಲದು, ಮುಖ ನೋಡಿ ಮಾತಾಡಬೇಕು. ಕೆಳಗೆ ಇನ್ನೊಂದು ಸಾಲು: ಒಂದು ಮಾತು ಹೇಳಿ ನಿಲ್ಲಿಸಿ, ಮಗು ಉತ್ತರ ಕೊಡುವವರೆಗೆ ಕಾಯಿರಿ.

ಭರತೇಶ ಎರಡು ಸಲ ಓದಿದ. ತನಗೆ ತೆಲುಗು ಚೆನ್ನಾಗಿ ಬರುವುದಿಲ್ಲ ಅಂತ ಕೈಯಾಡಿಸಿ ತೋರಿಸಿದ. ಇಪ್ಪತ್ತೈದು ವರ್ಷ ಆ ನಾಡಿನಲ್ಲಿ ಕಳೆದವನ ನೆಪ ಅದು. ಉಷಶ್ರೀ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಚೀಟಿಯ ಬೆನ್ನಿಗೆ, "ಏ ಭಾಷೈನಾ ಪರವಾಲೇದು" ಅಂತ ಬರೆದಳು. ಯಾವ ಭಾಷೆಯಾದರೂ ಸರಿ. ಬರೆದು ಅವನ ಮುಖವನ್ನೇ ನೋಡುತ್ತಾ ನಿಂತಳು. ಇಲ್ಲ ಅನ್ನಲು ಅವನಿಗೆ ಆಗಲಿಲ್ಲ.

ಆ ದಿನ ಸಂಜೆ ಮೃಣಾಲಿನಿಗೆ ಫೋನ್ ಮಾಡಿದ.

"ಅದರ ಹತ್ರ ಏನಂತ ಮಾತಾಡೋದು?"

"ಏನು ಮಾಡ್ತಿರ್ತೀರೋ ಅದನ್ನೇ ಹೇಳಿ. ಈಗ ಹಾಲು ಕಾಯಿಸ್ತೀನಿ, ಈಗ ಶರ್ಟು ಹಾಕ್ಕೋತೀನಿ ಅಂತ."

"ಅದಕ್ಕೇನು ಅರ್ಥವಾಗತ್ತೆ?"

"ಅರ್ಥ ಆಮೇಲೆ ಬರತ್ತೆ. ಮೊದಲು ಬರೋದು ನಿಮ್ಮ ಮುಖ." ಆಮೇಲೆ ಮೃಣಾಲಿನಿ ಮೆಲ್ಲಗೆ, "ಸುಮುಖ ಚಿಕ್ಕವನಿದ್ದಾಗ ನಾನು ಇದನ್ನೇ ನಿಮಗೆ ಎಷ್ಟು ಸಲ ಹೇಳಿದ್ದೆ" ಅಂದಳು.

ಹೇಳಿದ್ದಳು. ಆಗ ಅವನು ಭೀಮುನಿಪಟ್ಟಣದ ಶಾಖೆಯಲ್ಲಿದ್ದ. ವಿಶಾಖಪಟ್ಟಣದಿಂದ ಬೆಳಗಿನ ಬಸ್ಸು ಹಿಡಿದರೆ ಮಗು ಮಲಗಿರುತ್ತಿತ್ತು, ವಾಪಸ್ಸು ಬರುವಾಗಲೂ ಮಲಗಿರುತ್ತಿತ್ತು. ಭಾನುವಾರ ಎತ್ತಿಕೊಂಡು ಓಣಿಯಲ್ಲಿ ಓಡಾಡಿಸುತ್ತಿದ್ದ, ಬಾಯಿ ಬಿಡದೆ. ಸುಮುಖ ಬೀದಿಯಲ್ಲಿ ತೆಲುಗು ಕಲಿತ, ಅಮ್ಮನಿಂದ ಕನ್ನಡ ಕಲಿತ. ಅಪ್ಪನ ಜೊತೆ ಮಾತ್ರ ಅವನಿಗೆ ಯಾವ ಭಾಷೆಯೂ ಬೆಳೆಯಲಿಲ್ಲ. ಈಗಲೂ ಫೋನಿನಲ್ಲಿ "ಊಟ ಆಯ್ತಾ", "ಆಯ್ತು" ಅನ್ನುವಲ್ಲಿಗೆ ಇಬ್ಬರ ಮಾತೂ ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಭರತೇಶ ಕೆಳಗೆ ಹೋದ. ಉಷಶ್ರೀ ಚಾಪೆಯ ಮೇಲೆ ಮಗುವನ್ನು ಮಲಗಿಸಿ ಅಡುಗೆಮನೆಗೆ ಹೋದಳು. ಅವನು ಮಂಡಿಯೂರಿ ಕೂತು ಗಂಟಲು ಸರಿಮಾಡಿಕೊಂಡ. "ನಾನು ಭರತೇಶ" ಅಂದ. ಮಗು ಅವನ ಕನ್ನಡಕ ನೋಡಿತು. "ಮೇಲ್ಗಡೆ ಇರ್ತೀನಿ" ಅಂದ. ಮುಂದೆ ಹೇಳುವುದಕ್ಕೆ ಏನೂ ಹೊಳೆಯಲಿಲ್ಲ. ಸುಮ್ಮನೆ ಕೂತ. ಆ ಸುಮ್ಮನೆಯ ನಡುವೆ ಮಗು ಕಾಲು ಬಡಿದು, "ಊ" ಅಂತ ಒಂದು ದನಿ ತೆಗೆಯಿತು. ಭರತೇಶ ಬೆಚ್ಚಿಬಿದ್ದ. ತನಗೇ ಉತ್ತರ ಬಂದದ್ದು ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೇಳಿ ನಿಲ್ಲಿಸುವುದರಲ್ಲಿ ನಿಲ್ಲಿಸುವ ಭಾಗ ಅವನಿಗೆ ಮೊದಲಿಂದಲೂ ಬರುತ್ತಿತ್ತು. ಹೇಳುವ ಭಾಗವನ್ನು ಕಲಿತುಕೊಂಡ. ದಿನಾ ಬ್ಯಾಂಕಿಗೆ ಹೋಗುವ ಮುಂಚೆ ಒಂದು ಗಂಟೆ, ವಿಜಯವಾಡದಲ್ಲಿ ಉಳಿಯುವ ಭಾನುವಾರಗಳಲ್ಲಿ ಇನ್ನೂ ಹೆಚ್ಚು. ಬದನೆಕಾಯಿ ತಂದು ತೋರಿಸಿ, "ಇದು ಬದನೆಕಾಯಿ, ಮುಟ್ಟು, ನುಣ್ಣಗಿದೆ" ಅನ್ನುತ್ತಿದ್ದ. "ನಮ್ಮನೇಲಿ ಈರುಳ್ಳಿ ತಿನ್ನಲ್ಲ, ನಿಮ್ಮನೇಲಿ ತಿಂತೀರಿ, ಆಗಲಿ" ಅನ್ನುತ್ತಿದ್ದ. ಚನ್ನರಾಯಪಟ್ಟಣದಿಂದ ತನ್ನ ಹಳ್ಳಿಗೆ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಒಂದೊಂದು ಸ್ಟಾಪೂ ಹೇಳಿದ. ಬೇರೆ ಯಾರ ಹತ್ತಿರವೂ ಹೇಳಿರದ ಸಂಗತಿಗಳೂ ಬಂದವು: ತನ್ನ ಅವ್ವನ ಕೈಯ ಸುಟ್ಟ ಕಲೆ, ಕೆಲಸಕ್ಕೆ ಸೇರಿದ ಮೊದಲ ವಾರ ಯಾರ ಮಾತೂ ತಿಳಿಯದೆ ಬಚ್ಚಲಲ್ಲಿ ನಿಂತು ಅತ್ತದ್ದು. ಪ್ರತಿ ಮಾತಿನ ಕೊನೆಗೆ ನಿಲ್ಲುತ್ತಿದ್ದ. ಮಗು ತನ್ನ ಸರದಿ ತೆಗೆದುಕೊಳ್ಳುತ್ತಿತ್ತು. ಮೊದಲು ಊ, ಆ. ಆರೇಳು ತಿಂಗಳಿಗೆ ಬಬ್ಬಬ್ಬ, ದದ್ದದ್ದ. ಅದು ಮಾಡಿದ ಸದ್ದನ್ನೇ ಭರತೇಶ ತಿರುಗಿ ಮಾಡಿದರೆ ಅದಕ್ಕೆ ಎಲ್ಲಿಲ್ಲದ ಖುಷಿ.

ಆದರೂ ಕೋಣೆಗೆ ಮರಳುವಾಗ ಅವನು ಲೆಕ್ಕ ಹಾಕುತ್ತಿದ್ದ. ದಿನಕ್ಕೆ ಒಂದು ಗಂಟೆ ಯಾವ ಮೂಲೆಗೆ ಸಾಕು? ಮಿಕ್ಕ ಇಪ್ಪತ್ಮೂರು ಗಂಟೆ ಆ ಮನೆಯಲ್ಲಿ ಮೌನವೇ ಅಲ್ಲವೇ ಅಂದುಕೊಳ್ಳುತ್ತಿದ್ದ.

ಡಿಸೆಂಬರಿನ ಒಂದು ಬೆಳಿಗ್ಗೆ ಆ ಎಣಿಕೆ ತಪ್ಪೆಂದು ತಿಳಿಯಿತು. ಬೇಗ ಎಚ್ಚರವಾಗಿದ್ದರಿಂದ ಆರಕ್ಕೇ ಇಳಿದು ಹೋಗಿದ್ದ. ಬಾಗಿಲು ತೆರೆದಿತ್ತು. ಉಷಶ್ರೀ ಬಾಗಿಲಿಗೆ ಓರೆಯಾಗಿ, ಎಣ್ಣೆ ಹಚ್ಚಿದ ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಕೂತಿದ್ದಳು. ಅವಳ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಬಕೆಟ್ಟಿನ ಕಡೆ ತೋರಿಸಿ ಏನೋ ಹೇಳಿದಳು, ಬಳಿಕ ಮಗುವಿನ ಹೊಟ್ಟೆಯ ಮೇಲೆ ಅದೇ ಆಕಾರವನ್ನು ಬೆರಳಿನಿಂದ ಬರೆದಳು, ಹುಬ್ಬು ಏರಿಸಿದಳು, ಕೈ ತಡೆದು ಕಾದಳು. ಮಗು ಅವಳ ಮುಖದಿಂದ ಕಣ್ಣು ಕದಲಿಸಲಿಲ್ಲ. ಪುಟ್ಟ ಮುಷ್ಟಿಯನ್ನು ಎತ್ತಿ ಬಿಚ್ಚಿತು, ಮುಚ್ಚಿತು. ತಾಯಿ ನಗುತ್ತಾ ಮತ್ತೇನೋ ಹೇಳಿದಳು. ಭರತೇಶ ಹೊಸ್ತಿಲಲ್ಲೇ ನಿಂತ. ಸೂರ್ಯಕಾಂತಮ್ಮ ಐದಕ್ಕೆದ್ದು ಮಾಡುತ್ತಿದ್ದ ಮಾತುಕತೆಯೇ ಅದು. ಅವನ ಕಿವಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಅಂದಿನಿಂದ ಅವನು ಹತ್ತು ನಿಮಿಷ ಮುಂಚೆ ಹೋಗಿ ಉಷಶ್ರೀಯ ಹತ್ತಿರ ಪಾಠ ಹೇಳಿಸಿಕೊಳ್ಳತೊಡಗಿದ. ನೀರು, ಹಾಲು, ನಿದ್ದೆ, ಬಾ, ಸಾಕು. ಅವನ ಬೆರಳುಗಳು ಬ್ಯಾಂಕಿನ ಕೆಲಸಕ್ಕೆ ಚುರುಕು, ಇದಕ್ಕೆ ಮೊದ್ದು. ಉಷಶ್ರೀ ಅವನ ಹೆಬ್ಬೆರಳು ಹಿಡಿದು ತಿದ್ದುತ್ತಿದ್ದಳು. ಚಂದ್ರಮೌಳಿ ಚಹಾ ಕುಡಿಯುತ್ತಾ ನೋಡಿ ನಗುತ್ತಿದ್ದ. ಭರತೇಶ ಬಾಯಲ್ಲಿ "ಹಾಲು" ಅನ್ನುವಾಗ ಕೈಯಲ್ಲೂ ಹಾಲು ಅನ್ನುವುದನ್ನು ರೂಢಿ ಮಾಡಿಕೊಂಡ.

ಸಂಕ್ರಾಂತಿಗೆ ಗುಡಿವಾಡದಿಂದ ಚಂದ್ರಮೌಳಿಯ ಅಕ್ಕ ಲಕ್ಷ್ಮೀಕಾಂತಮ್ಮ ಬಂದಳು. ಅವಳಿಗೆ ಕಿವಿ ಕೇಳಿಸುತ್ತಿತ್ತು, ತಾಯಿಯ ಬಾಯಿಯೂ ಬಂದಿತ್ತು. ಹಬ್ಬದ ಮರುದಿನ ಭರತೇಶನನ್ನು ಊಟಕ್ಕೆ ಕರೆದು, ಎಲೆ ತೆಗೆದ ಮೇಲೆ ಎದುರಿಗೆ ಕೂತು ತೆಲುಗಿನಲ್ಲಿ ವಿಷಯ ತೆಗೆದಳು.

"ಸಾರ್, ನೀವು ಓದಿದೋರು. ನಿಮ್ಮ ಮಾತು ನನ್ನ ತಮ್ಮ ಕೇಳ್ತಾನೆ. ಮಗೂನ ನಾನು ಗುಡಿವಾಡಕ್ಕೆ ಕರ್ಕೊಂಡು ಹೋಗ್ತೀನಿ. ಒಂದು ಮೂರು ವರ್ಷ. ಚೆನ್ನಾಗಿ ಮಾತು ಬಂದ ಮೇಲೆ ನಾನೇ ತಂದುಬಿಡ್ತೀನಿ. ಇಲ್ಲಿದ್ರೆ ಇದೂ ಕೈಬಾಯಿ ಆಡಿಸ್ಕೊಂಡು ಉಳಿದುಬಿಡತ್ತೆ. ಅಮ್ಮ ಇದ್ದಿದ್ರೆ ಬೇರೆ ಮಾತಿತ್ತು."

ಅವಳು ಕೆಟ್ಟವಳಾಗಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತ್ತು. ಉಷಶ್ರೀ ಗೋಡೆಗೆ ಒರಗಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಒಮ್ಮೆ ಅತ್ತಿಗೆಯ ತುಟಿ, ಒಮ್ಮೆ ಭರತೇಶನ ಮುಖ ನೋಡುತ್ತಿದ್ದಳು. ಮಾತು ಯಾವ ಕಡೆ ಹೋಗುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು. ಮಗುವಿನ ಕಾಲನ್ನು ಹಿಡಿದ ಕೈ ಬಿಗಿಯಾಗಿತ್ತು.

ಬೇರೆ ಹೊತ್ತಾಗಿದ್ದರೆ ಭರತೇಶ "ನಿಮ್ಮ ಮನೆ ವಿಷಯ" ಅಂತ ಎದ್ದು ಹೋಗುತ್ತಿದ್ದ. ಎದ್ದೇಳಲು ನೆಲಕ್ಕೆ ಕೈಯೂರಿದ್ದೂ ಹೌದು. ಮತ್ತೆ ಕೂತ. ತನ್ನ ತೆಲುಗಿನಲ್ಲಿ, ನಡುನಡುವೆ ಕನ್ನಡ ಬೆರೆಸುತ್ತಾ, ಹೇಳಿದ.

"ಅಮ್ಮಾ, ನಾನು ನಾಲ್ಕು ತಿಂಗಳಿಂದ ಇವಳ ಹತ್ರ ಮಾತಾಡ್ತಿದೀನಿ. ಒಂದು ಮಾತೂ ಇವಳು ನನಗಿನ್ನೂ ಹೇಳಿಲ್ಲ. ಮೊನ್ನೆ ಅಮ್ಮನಿಗೆ ಹೇಳಿದಳು. ಕೈಯಲ್ಲಿ, ಹಾಲು ಬೇಕು ಅಂತ. ಸುಮ್ಮನೆ ಕೈ ಆಡಿಸಿದ್ದಲ್ಲ, ಹಾಲಿನ ಪಾತ್ರೆ ನೋಡಿ ಹೇಳಿದ್ದು. ಒಂಬತ್ತು ತಿಂಗಳ ಮಗು. ನನ್ನ ಮಗ ಆ ವಯಸ್ಸಲ್ಲಿ ಏನು ಹೇಳ್ತಿದ್ದ ಅಂತ ನನಗೆ ಗೊತ್ತಿಲ್ಲ, ನಾನು ನೋಡಲಿಲ್ಲ." ಅವನು ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದ. "ನೀವು ಕರ್ಕೊಂಡು ಹೋದ್ರೆ ಮಾತು ಖಂಡಿತ ಬರತ್ತೆ. ಮೂರು ವರ್ಷ ಕಳೆದು ತಂದು ಬಿಡ್ತೀರಿ. ಆಗ ಇವಳು ಊರೋರ ಜೊತೆಯೆಲ್ಲ ಮಾತಾಡ್ತಾಳೆ. ತನ್ನ ಅಮ್ಮನ ಜೊತೆ ಏನು ಮಾತಾಡ್ತಾಳೆ? ಅವಳಿಗೆ ಆ ಭಾಷೆನೇ ಇರಲ್ಲ. ಬಾಯಿಮಾತನ್ನ ನಾವೆಲ್ಲ ಬಂದು ಹೋಗಿ ಕೊಡಬಹುದು. ಕೈಮಾತನ್ನ ಇವಳಪ್ಪ ಅಮ್ಮ ಬಿಟ್ರೆ ಇನ್ಯಾರೂ ಕೊಡೋಕಾಗಲ್ಲ."

ಅಷ್ಟು ಉದ್ದದ ಮಾತನ್ನು ಅವನು ಯಾವ ಭಾಷೆಯಲ್ಲೂ ಆಡಿದವನಲ್ಲ. ಲಕ್ಷ್ಮೀಕಾಂತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಉಷಶ್ರೀಯ ಕಡೆ ತಿರುಗಿ, ಹಾಲು ಅಂತ ಹೇಗೆ ಹೇಳುತ್ತಾಳೆ ತೋರಿಸು ಅಂತ ಸನ್ನೆ ಮಾಡಿದಳು. ಮಗುವನ್ನು ಕರೆದುಕೊಂಡು ಹೋಗಲಿಲ್ಲ. ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು, ಆ ನಾಲ್ಕೂ ದಿನ ಬಿಡುವಿಲ್ಲದೆ ಮಗುವಿನ ಹತ್ತಿರ ಮಾತಾಡಿ ಹೋಗುವುದನ್ನು ಶುರುಮಾಡಿದಳು. ಅಂಥ ಬೆಳಿಗ್ಗೆಗಳಲ್ಲಿ ಭರತೇಶ ದಿಂಬು ಬದಿಗೆ ಸರಿಸಿ ಕೇಳಿಸಿಕೊಳ್ಳುತ್ತಾ ಮಲಗಿರುತ್ತಿದ್ದ.

ವರ್ಷ ತುಂಬಿದ ಸ್ವಲ್ಪ ದಿನಕ್ಕೆ ಶ್ರಾವ್ಯ ಗೋಡೆ ಹಿಡಿದು ನಿಂತು, ಬಾಗಿಲಲ್ಲಿದ್ದ ಅವನನ್ನು ನೋಡಿ "ಬಾ" ಅಂದಳು. ಕೈಯಲ್ಲೂ ಅದನ್ನೇ ಅಂದಳು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದ.

ಜೂನಿನಲ್ಲಿ ವರ್ಗದ ಆದೇಶ ಬಂತು. ವಿಶಾಖಪಟ್ಟಣಕ್ಕೆ. ವಿಜಯವಾಡಕ್ಕೆ ಬಂದ ದಿನದಿಂದ ಅದಕ್ಕಾಗಿ ಅರ್ಜಿಯ ಮೇಲೆ ಅರ್ಜಿ ಹಾಕಿದ್ದವನು ಅವನೇ. ಫೋನಿನಲ್ಲಿ ಹೇಳಿದಾಗ ಮೃಣಾಲಿನಿ, "ಬೇಕಾದ್ರೆ ಇನ್ನೊಂದು ವರ್ಷ ಅಲ್ಲೇ ಇರ್ತೀನಿ ಅಂತ ಬರೆದುಕೊಡಿ. ನಾನೇನೂ ಅನ್ಕೊಳಲ್ಲ" ಅಂದಳು. ಆ ದನಿಯಲ್ಲಿ ದಣಿವಿತ್ತು. ಒಬ್ಬಳೇ ಮನೆ ನಡೆಸಿದ ವರ್ಷಗಳ ದಣಿವು. ಎರಡು ದಿನ ಯೋಚಿಸಿ ಭರತೇಶ ಹೋಗುವುದೆಂದು ತೀರ್ಮಾನಿಸಿದ. ಅದು ಸರಿಯೋ ತಪ್ಪೋ ಎಂದು ಅವನಿಗೆ ಆಮೇಲೂ ಖಚಿತವಾಗಲಿಲ್ಲ.

ಹೊರಡುವುದಕ್ಕೆ ಹತ್ತು ದಿನವಿತ್ತು. ಪಕ್ಕದ ಬೀದಿಯ ಅಂಗನವಾಡಿಯಲ್ಲಿ ಸಾಯಿಲಕ್ಷ್ಮಿ ಎಂಬ ಟೀಚರಿದ್ದಳು. ಹತ್ತು ದಿನವೂ ಬೆಳಿಗ್ಗೆ ಉಷಶ್ರೀಯನ್ನೂ ಮಗುವನ್ನೂ ಕರೆದುಕೊಂಡು ಅಲ್ಲಿಗೆ ಹೋದ. ಮಗುವಿಗೆ ಇನ್ನೂ ಅಲ್ಲಿ ಕೂರುವ ವಯಸ್ಸಾಗಿಲ್ಲ ಅಂತ ಸಾಯಿಲಕ್ಷ್ಮಿ ಅನುಮಾನಿಸಿದಳು. "ಕೂರಿಸೋದು ಬೇಡಮ್ಮ, ದಿನಾ ಸ್ವಲ್ಪ ಹೊತ್ತು ಮಕ್ಕಳ ಗದ್ದಲದಲ್ಲಿರಲಿ. ನೀವು ಒಂದು ಮಾತಾಡಿ ನಿಲ್ಲಿಸಿ, ಅವಳು ಉತ್ತರ ಕೊಡ್ತಾಳೆ. ಕೈಯಲ್ಲಿ ಕೊಟ್ರೂ ಅದು ಉತ್ತರವೇ, ಬೇಡ ಅನ್ನಬೇಡಿ" ಅಂತ ಭರತೇಶ ತೆಲುಗಿನಲ್ಲಿ ಹೇಳಿದ. ಆ ಹತ್ತು ದಿನ ಮಗುವಿನ ಜೊತೆಯೂ ಬೇಕೆಂತಲೇ ತೆಲುಗಿನಲ್ಲಿ ಮಾತಾಡಿದ. ಮುಂದೆ ಅವಳ ಸುತ್ತ ಇರುವುದು ಆ ಭಾಷೆಯೇ. ತನ್ನ ಕನ್ನಡ ಅವಳಿಗೆ ಇನ್ನು ಯಾರಿಂದಲೂ ಸಿಗುವಂತಿರಲಿಲ್ಲ.

ಹೊರಡುವ ದಿನ ಉಷಶ್ರೀ ಒಂದು ಡಬ್ಬಿಯಲ್ಲಿ ಪುಳಿಹೋರ, ಹುಣಸೆಹುಳಿಯ ಅನ್ನ, ಕಟ್ಟಿಕೊಟ್ಟಳು. ಡಬ್ಬಿಯ ಮೇಲಿಟ್ಟ ಕಾಗದದಲ್ಲಿ ಎರಡೇ ಸಾಲು: "ಪಾಪ ಮರ್ಚಿಪೋತುಂದಿ. ಮೇಮು ಮರ್ಚಿಪೋಮು." ಮಗು ಮರೆತುಬಿಡುತ್ತಾಳೆ, ನಾವು ಮರೆಯುವುದಿಲ್ಲ. ರೈಲು ರಾಜಮಂಡ್ರಿಯ ಸೇತುವೆ ದಾಟುವವರೆಗೂ ಭರತೇಶ ಡಬ್ಬಿ ಬಿಚ್ಚಲಿಲ್ಲ.

ವಿಶಾಖಪಟ್ಟಣದಲ್ಲಿ ಮನೆ ಮೊದಲಿನಂತೆಯೇ ಇತ್ತು. ಒಂದು ಭಾನುವಾರ ಬೆಳಿಗ್ಗೆ ಋಷಿಕೊಂಡದ ಕಡಲತೀರದ ಮರಳಿನ ಮೇಲೆ ನಡೆಯುವಾಗ ಅವನು ಸುಮುಖನಿಗೆ, "ನೀನು ಮಗುವಾಗಿದ್ದಾಗ ನಾನು ನಿನ್ನ ಹತ್ರ ಮಾತೇ ಆಡಲಿಲ್ಲ ಕಣೋ" ಅಂದ. ಸುಮುಖ ನಡೆಯುತ್ತಲೇ, "ನಂಗೆ ನೆನಪಿಲ್ಲಪ್ಪ. ನೆನಪಿರೋ ವಯಸ್ಸಾ ಅದು" ಅಂದ. ಅದರಲ್ಲಿ ಸಮಾಧಾನವಿತ್ತೋ ದೂರಿತ್ತೋ ಭರತೇಶನಿಗೆ ತಿಳಿಯಲಿಲ್ಲ. ಅವನು ಮುಂದೆ ಬೇರೇನೋ ಕೇಳಿದ, ಬಂದರಿನ ಕೆಲಸ ಹೇಗಿದೆ ಅಂತ. ಕೇಳಿ ಕಾದ. ಸುಮುಖ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ, ತಡೆತಡೆದು ಹೇಳತೊಡಗಿದ. ಅಲ್ಲಿಂದ ಭಾನುವಾರದ ನಡಿಗೆ ತಪ್ಪಲಿಲ್ಲ. ಆ ಮಾತು ತುಂಬ ದೂರ ಹೋಯಿತು ಅಂತ ಹೇಳಲಾಗದು, ಒಂದಿಷ್ಟು ಹೋಯಿತು.

ಎರಡೂವರೆ ವರ್ಷ ಕಳೆದ ಮೇಲೆ ಬ್ಯಾಂಕಿನ ತರಬೇತಿಗೆಂದು ವಿಜಯವಾಡಕ್ಕೆ ಹೋಗುವ ಸಂದರ್ಭ ಬಂತು. ಮಧ್ಯಾಹ್ನ ಬಿಡುವು ಮಾಡಿಕೊಂಡು ಆ ಗಲ್ಲಿಗೆ ಹೋದ. ಬಾಗಿಲಲ್ಲಿ ಎರಡು ಜಡೆಯ ಹುಡುಗಿ ನಿಂತಿದ್ದಳು.

"ಎವರು ಕಾವಾಲಂಡಿ?" ಅಂತ ಕೇಳಿದಳು, ಸ್ಪಷ್ಟವಾಗಿ, ದೊಡ್ಡವರ ಗತ್ತಿನಲ್ಲಿ. ಯಾರು ಬೇಕು?

ಅವನು ಹೆಸರು ಹೇಳಿದ. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಒಳಗೆ ಓಡಿ, ಮಿಷನ್ನಿನ ಮುಂದಿದ್ದ ಅಮ್ಮನ ತೋಳು ತಟ್ಟಿ, ಎರಡೂ ಕೈಯಲ್ಲಿ ಸರಸರನೆ ಏನೋ ಹೇಳಿದಳು. ಆ ವೇಗ ಭರತೇಶನ ಕಣ್ಣಿಗೆ ಹಿಡಿಯಲಿಲ್ಲ. ಉಷಶ್ರೀ ಎದ್ದು ಬಂದಳು. ಅವನನ್ನು ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೂವರೂ ಚಾಪೆಯ ಮೇಲೆ ಕೂತರು. ಉಷಶ್ರೀ ಕೈಯಲ್ಲಿ ಹೇಳಿದ್ದನ್ನು ಮಗಳು ತೆಲುಗಿಗೆ ತರುತ್ತಿದ್ದಳು, ಅವನು ತೆಲುಗಿನಲ್ಲಿ ಹೇಳಿದ್ದನ್ನು ಅಮ್ಮನ ಕೈಗೆ ದಾಟಿಸುತ್ತಿದ್ದಳು. ಎಲ್ಲೂ ತಡವರಿಸಲಿಲ್ಲ. "ನೀವು ತೆಳ್ಳಗಾಗಿದೀರಂತೆ. ಊಟ ಮಾಡಿ ಹೋಗಬೇಕಂತೆ. ಅಪ್ಪ ಆರಕ್ಕೆ ಬರ್ತಾರಂತೆ." ಆಮೇಲೆ ಅಮ್ಮನ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಹುಬ್ಬು ಗಂಟಿಕ್ಕಿದಳು. "ನಾನು ಚಿಕ್ಕೋಳಿದ್ದಾಗ ನೀವು ನನ್ನ ಹತ್ರ ದಿನಾ ಮಾತಾಡ್ತಿದ್ರಂತೆ. ಹೌದಾ?"

"ಹೌದು."

"ನಂಗೆ ಗೊತ್ತಿಲ್ಲ," ಅಂದಳು, ತಪ್ಪಿತಸ್ಥಳಂತೆ ಅಲ್ಲ, ಇದ್ದದ್ದನ್ನು ಇದ್ದಂತೆ. "ನಾನೇನು ಹೇಳ್ತಿದ್ದೆ?"

ಭರತೇಶ ಕನ್ನಡಕ ತೆಗೆದು ಒರೆಸಿಕೊಂಡ. "ಚಾಲಾ ಚೆಪ್ಪಾವು" ಅಂದ. ತುಂಬ ಹೇಳಿದ್ದೀಯ.

ಅವಳು ಅದನ್ನು ಅಮ್ಮನಿಗೆ ಹೇಳಿದಳು. ಹೊರಗೆ ಯಾರೋ ಅವಳ ಹೆಸರು ಹಿಡಿದು ಕೂಗಿದರು. "ಆಡ್ಕೊಂಡು ಬರ್ತೀನಿ" ಅಂತ ಬಾಯಲ್ಲೊಮ್ಮೆ, ಕೈಯಲ್ಲೊಮ್ಮೆ ಇಬ್ಬರಿಗೂ ತಿಳಿಸಿ ಬೀದಿಗೆ ಓಡಿದಳು. ಉಷಶ್ರೀ ಅನ್ನಕ್ಕಿಡಲು ಎದ್ದಳು. ಚಂದ್ರಮೌಳಿ ಬರುವ ತನಕ ಭರತೇಶ ಅಲ್ಲೇ, ಬಾಗಿಲಿಗೆ ಮುಖ ಮಾಡಿ ಕೂತಿದ್ದ.